ಒಂದೆಳೆ ಪಾಕದ ಎಣ್ಣೆ

ನಾನು ಕಾರಿನ ಎಡಗಡೆಯ ಮುಂದಿನ ಗಾಲಿಯ ಪಕ್ಕ ನಿಂತಿದ್ದೆ. ಗದಗದಿಂದ ಮುಂಡರಗಿಗೆ ಹೋಗುವ ರಸ್ತೆ, ಊರಿನ ಮನೆಗಳು ಮುಗಿಯುತ್ತ ಬರುವ ಜಾಗ, ಎಣ್ಣೆಯಂಗಡಿಯ ಮುಂದಿನ ಬಯಲು. ೧೯೮೫ನೆಯ ಇಸವಿ, ಜನವರಿಯ ಕೊನೆಯ ಗುರುವಾರ, ಬೆಳಿಗ್ಗೆ ಹತ್ತರ ಮೇಲೆ. ಬಿಸಿಲು ನನ್ನ ಬೆನ್ನಿಗಿದ್ದುದರಿಂದ ಕಾರಿನ ಒಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಟೇರಿಂಗಿನ ಹಿಂದೆ ಕುಳಿತಿದ್ದವನಿಗೂ ನನಗೂ ನಡುವೆ ಒಂದು ಬಾಗಿಲಿನಷ್ಟು ಅಂತರ. ಆ ಬಾಗಿಲು ತೆರೆದೇ ಇತ್ತು.

ಇಷ್ಟನ್ನು ಮೊದಲೇ ಬರೆದಿಡಲು ಕಾರಣವಿದೆ. ಅಂದು ಆ ಸೀಟಿನಲ್ಲಿ ಕುಳಿತಿದ್ದಾತ ಹೋದ ತಿಂಗಳು ತುಂಬು ವಯಸ್ಸಿನಲ್ಲಿ ತೀರಿಕೊಂಡ. ಶ್ರದ್ಧಾಂಜಲಿ ಸಭೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಟರ್ಬೋ ಎಂಜಿನ್ನಿಗೆ ಎಂಥ ಎಣ್ಣೆ ಹಾಕಬೇಕೆಂದು ಈ ಭಾಗಕ್ಕೆ ಮೊದಲು ಕಲಿಸಿಕೊಟ್ಟವರು ಇವರು ಎಂದು ಒಬ್ಬರು ಮಾತಾಡಿದರು. ಅದಕ್ಕೇ ನಿಲ್ಲಿಸಲಿಲ್ಲ. ತಿಳಿಗೇಡಿ ಡ್ರೈವರ್ ಒಬ್ಬ ಸಾಹುಕಾರರ ಪರದೇಶಿ ಕಾರನ್ನು ರೇಸ್ ಮಾಡಿ, ಎಂಜಿನ್ ಕೆಡಿಸಿ, ತನ್ನ ಬೆರಳನ್ನೂ ಕಳೆದುಕೊಂಡಾಗ ಬಜಾರದ ಜನರನ್ನು ಉಳಿಸಿದ್ದು ನಮ್ಮ ಕಾಕಾ ಎಂದರು. ಜನ ಹೌದೆಂದು ತಲೆಯಾಡಿಸಿದರು.

ಆ ಡ್ರೈವರ್ ಇನ್ನೂ ಬದುಕಿದ್ದಾರೆ. ಅವರ ಹೆಸರು ಮೌಲಾಸಾಬ. ಕಾರು ಕೆಡಿಸಿದವನು ಎಂಬ ಮಾತು ನಲವತ್ತು ವರ್ಷಗಳಿಂದ ಅವರಿಗೆ ಅಂಟಿಕೊಂಡಿದೆ, ಮತ್ತು ಅದು ಸುಳ್ಳು. ಸತ್ತವನ ಹೆಸರನ್ನು ನಾನು ಬರೆಯುವುದಿಲ್ಲ. ಆತನ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾರೆ. ಅವರ ಮೇಲೆ ನನಗೆ ಏನೂ ಇಲ್ಲ. ಊರೆಲ್ಲ ಆತನನ್ನು ಕಾಕಾ ಎನ್ನುತ್ತಿತ್ತು. ನಾನು ಎಂದೂ ಅನ್ನಲಿಲ್ಲ.

ನಾನು ಬೆಟಗೇರಿಯ ಒಂದು ಅರಳೆ ಫ್ಯಾಕ್ಟರಿಯಲ್ಲಿ ಎಂಜಿನ್ ಮನೆಯ ಮೇಲ್ವಿಚಾರಕನಾಗಿದ್ದೆ. ಕರೆಂಟು ನಂಬುವ ಹಾಗಿರಲಿಲ್ಲ. ಅದು ಹೋದಾಗಲೆಲ್ಲ ದೊಡ್ಡ ಡೀಸೆಲ್ ಎಂಜಿನ್ ನಡೆಸಿ ಹತ್ತಿ ಬಿಡಿಸುವ ಯಂತ್ರಗಳನ್ನು ಓಡಿಸಬೇಕಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಆ ಕೆಲಸಕ್ಕೆ ಸೇರಿದಾಗ, ಎಂಜಿನ್ ಎಣ್ಣೆಗೆಂದು ನನ್ನನ್ನು ಮೊದಲು ಕಳಿಸಿದ್ದು ಆತನ ಅಂಗಡಿಗೇ.

ಎಣ್ಣೆಯ ವ್ಯಾಪಾರ ಮಾಡುವವನ ಧೋತರದ ಮೇಲೆ ಒಂದು ಕಲೆಯೂ ಇರುತ್ತಿರಲಿಲ್ಲ. ನಾನು ಆತನಲ್ಲಿ ಮೊದಲು ಗಮನಿಸಿದ್ದು ಅದನ್ನೇ. ಎಂಜಿನ್ನಿನ ಕೆಳಗೆ ಮಲಗಿ ಪಾನಾ ಹಿಡಿದು ನಟ್ಟು ಬಿಚ್ಚುವುದು, ಹಳೆಯ ಎಣ್ಣೆ ಇಳಿಸುವುದು, ಇವೆಲ್ಲ ಗಾಡಿ ತಂದವರ ಕೆಲಸ. ಆತ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಎದ್ದು ಬರುತ್ತಿದ್ದ. ಬ್ಯಾರಲ್ಲಿನಿಂದ ಒಂದು ಹನಿ ಎಣ್ಣೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಬಿಸಿಲಿಗೆ ಎತ್ತಿ, ಬೆರಳು ಬಿಡಿಸುತ್ತಿದ್ದ. ಎಳೆ ಬರಬೇಕು. ಉಂಡಿ ಕಟ್ಟುವ ಹೆಂಗಸರು ಬೆಲ್ಲದ ಪಾಕ ನೋಡುವ ಹಾಗೆ.

"ಒಂದೆಳಿ ಪಾಕ ಬಂದ್ರ ಎಣ್ಣಿ. ಬರಲಿಲ್ಲಂದ್ರ ನೀರು," ಎನ್ನುತ್ತಿದ್ದ.

ನಮ್ಮ ಕಡೆಯ ಜನಕ್ಕೆ ಇದು ಕೂಡಲೇ ಒಪ್ಪಿಗೆಯಾಗುತ್ತಿತ್ತು. ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳನ್ನು ಬೆರಳಿನಿಂದ, ಮೂಗಿನಿಂದ ಅಳೆದು ಬದುಕಿದವರು ನಾವು. ದಪ್ಪ ಇದ್ದದ್ದು ಗಟ್ಟಿ, ತೆಳ್ಳಗಿದ್ದದ್ದು ಕಲಬೆರಕೆ. ಲಾರಿಯವರು, ಟ್ರ್ಯಾಕ್ಟರಿನವರು ಎಳೆ ನೋಡಿ ಖುಷಿಯಾಗಿ ತಲೆದೂಗುತ್ತಿದ್ದರು. ಎಳೆ ಸಾಲದಿದ್ದರೆ ಆತ ಗೇರಿಗೆ ಹಾಕುವ ದಪ್ಪ ಎಣ್ಣೆಯನ್ನು ಒಂದಿಷ್ಟು ಬೆರೆಸುತ್ತಿದ್ದ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ, ಅದೇ ತನ್ನ ಕೈಗುಣ ಎಂದುಕೊಂಡಿದ್ದ. ದಪ್ಪ ಎಣ್ಣೆ ಬಿದ್ದಾಗ ಸವೆದ ಎಂಜಿನ್ನಿನ ಕಟಕಟ ಸದ್ದು ಅಡಗುತ್ತದೆ. ಸದ್ದು ಅಡಗಿದರೆ ರೋಗ ಹೋಯಿತೆಂದು ಗಾಡಿಯವರು ನಂಬುತ್ತಿದ್ದರು.

ಒಮ್ಮೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಆತ ನನಗೆ ಹೇಳಿದ್ದ: "ರಾಯರ, ಗಿರಾಕಿ ಕಿವೀಲೆ ಖರೀದಿ ಮಾಡ್ತಾನ. ಅವನ ಕಿವಿ ತಣ್ಣಗ ಮಾಡ್ರಿ, ಆತು."

ಎಣ್ಣೆ ಹಾಕಿಸಿ ಆದ ಮೇಲೆ ಇನ್ನೊಂದು ಪದ್ಧತಿ ಇತ್ತು. ಆತ ತಾನೇ ಡ್ರೈವರ್ ಸೀಟಿಗೆ ಹತ್ತಿ, ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರನ್ನು ತಳ ಮುಟ್ಟುವಂತೆ ಒತ್ತುತ್ತಿದ್ದ. ಎಂಜಿನ್ ಹೋರಿಯ ಹಾಗೆ ಗುಟುರು ಹಾಕುತ್ತಿತ್ತು. ಆ ಗುಟುರಿನ ತುದಿಯಲ್ಲೇ ಚಟ್ಟನೆ ಬಂದ್ ಮಾಡುತ್ತಿದ್ದ. ಹೀಗೆ ಮೂರು ಸಲ. "ಎಣ್ಣಿ ಎದಿಗೆ ಏರಬೇಕು" ಎನ್ನುವುದು ಇದಕ್ಕೆ ಆತನ ವಿವರಣೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಇಳಿದು ಬಂದು, ಎಣ್ಣೆಯ ಬೆರಳಿನಿಂದ ಬಾನೆಟ್ಟಿನ ಮೇಲೆ ಒಂದು ಬೊಟ್ಟು ಇಟ್ಟು, ಬಿಳಿಯ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ಗಾಡಿಯವರು ನಮಸ್ಕಾರ ಮಾಡಿ ಹೋಗುತ್ತಿದ್ದರು.

ಆತನಿಗೆ ಏನೂ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆತನಿಗೆ ಕಿವಿ ಇತ್ತು. ರಸ್ತೆಗೆ ಬೆನ್ನು ಹಾಕಿ ಕುಳಿತು, ಬರುತ್ತಿರುವ ಲಾರಿ ಯಾರದೆಂದು ಸದ್ದಿನಿಂದಲೇ ಹೇಳುತ್ತಿದ್ದ. "ಕೋಟುಮಚಗಿಯವರ ಗಾಡಿ ಬಂತು, ನಾಕನೇ ಸಿಲಿಂಡರ್ ಅಳಾಕ ಹತ್ತೈತಿ." ತಿರುಗಿ ನೋಡಿದರೆ ಅದೇ ಗಾಡಿ. ಇಷ್ಟು ಒಳ್ಳೆಯ ಕಿವಿಯನ್ನು ಇಟ್ಟುಕೊಂಡು ಆತ ಜೀವನವೆಲ್ಲ ಬೇರೆಯವರ ಕಿವಿ ಮುಚ್ಚುವ ಕೆಲಸ ಮಾಡಿದ.

ಇನ್ನೊಂದನ್ನೂ ಹೇಳಬೇಕು. ನನ್ನ ತಾಯಿಗೆ ಹೊಟ್ಟೆನೋವು ಜಾಸ್ತಿಯಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕಾದಾಗ ಆತ ಕೇಳುವ ಮೊದಲೇ ತನ್ನ ಜೀಪು ಕಳಿಸಿದ. ತಾಯಿ ಬದುಕಿದಳು. ಅಂದಿನಿಂದ ನಾನು ಅಂಗಡಿಗೆ ಹೋದಾಗಲೆಲ್ಲ, ನಾಲ್ಕು ಜನ ಇದ್ದಾರೆಂದು ಖಾತ್ರಿ ಮಾಡಿಕೊಂಡು, "ತಾಯಾರು ಆರಾಮ ಅದಾರಿಲ್ರಿ? ಅವತ್ತ ಜೀಪು ಹೋಗದಿದ್ರ ಕಠಿಣ ಇತ್ತು" ಎನ್ನುತ್ತಿದ್ದ. ಹೌದು ಎಂದು ನಾನು ಪ್ರತಿ ಸಲವೂ ಹೇಳಬೇಕಿತ್ತು.

ಆತನ ಎಣ್ಣೆಯಿಂದ ಕೆಟ್ಟ ಎಂಜಿನ್ನುಗಳು ಆತನ ಬಾಗಿಲಿಗೆ ವಾಪಸು ಬರುತ್ತಿರಲಿಲ್ಲವೇ? ಬರುತ್ತಿದ್ದವು. ಶಿರಹಟ್ಟಿಯ ಕಡೆಯ ರೈತನೊಬ್ಬ ಬಂದ ದಿನ ನಾನು ಅಲ್ಲಿದ್ದೆ. ಅವನ ಟ್ರ್ಯಾಕ್ಟರಿಗೆ ಆತ ದಪ್ಪ ಎಣ್ಣೆ ಹಾಕಿಸಿದ್ದ. ಸೊರಟೂರಿನ ಹತ್ತಿರ ಅದು ಬೇರಿಂಗ್ ಕಚ್ಚಿಕೊಂಡು ನಿಂತುಬಿಟ್ಟಿತ್ತು. ರೈತ ಜಗಳಕ್ಕೆ ಬಂದಿರಲಿಲ್ಲ, ಕೇಳಿಕೊಂಡು ಹೋಗಲು ಬಂದಿದ್ದ.

"ಹೆಂಗಾತ್ರಿ ಕಾಕಾ ಹಿಂಗ?"

"ಯಾರು ಹೊಡೀತಿದ್ರೋ ತಮ್ಮಾ?"

"ನಮ್ಮ ಅಣ್ಣನ ಮಗಾರಿ."

"ಹಂಗನ್ನು. ಎಣ್ಣಿ ತಪ್ಪಂಗಿಲ್ಲೋ, ಕೈ ತಪ್ಪತೈತಿ. ಹೋಗು, ಅವನಿಗೆ ಎತ್ತು ಹೊಡಿಯಾಕ ಹಚ್ಚು."

ಕಟ್ಟೆಯ ಮೇಲೆ ಕುಳಿತವರು ನಕ್ಕರು. ರೈತನೂ ನಕ್ಕ. ಹೋಗುವಾಗ ಎಣ್ಣೆ ಕೊಂಡು ಹೋದ. ಆತನ ವ್ಯಾಪಾರದ ಗುಟ್ಟು ಎಣ್ಣೆಯಲ್ಲಿ ಇರಲಿಲ್ಲ, ಆ ಒಂದು ಪ್ರಶ್ನೆಯಲ್ಲಿತ್ತು: ಯಾರು ಹೊಡೆಯುತ್ತಿದ್ದರು?

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಫ್ಯಾಕ್ಟರಿಯ ಸಾಹುಕಾರರು ಮುಂಬಯಿಯ ಒಂದು ಹರಾಜಿನಲ್ಲಿ ಪರದೇಶದ ಡೀಸೆಲ್ ಕಾರು ಹಿಡಿದರು. ಹಿಂದಿನ ಮುಚ್ಚಳದ ಮೇಲೆ ಟರ್ಬೋ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದಕ್ಕೆ ಕ್ಲಚ್ ಇರಲಿಲ್ಲ, ಗೇರು ತಾನೇ ಬದಲಾಗುತ್ತಿತ್ತು. ಸ್ಟೇರಿಂಗ್ ನಮ್ಮ ಗಾಡಿಗಳ ಹಾಗೆ ಬಲಗಡೆಗಿರದೆ ಎಡಗಡೆಗಿತ್ತು. ಸಾಹುಕಾರರು ಬಲಗಡೆ ಕುಳಿತು ಹೋಗುವಾಗ, ಅವರೇ ಕಾರು ಹೊಡೆಯುತ್ತಿದ್ದಾರೆಂದು ತಿಳಿದು ಲಕ್ಷ್ಮೇಶ್ವರದ ಪೇಟೆಯಲ್ಲಿ ಜನ ಬೆರಗಾಗುತ್ತಿದ್ದರು. ಸಾಹುಕಾರರು ಆ ಸೀಟಿನಲ್ಲಿ ಪತ್ರಿಕೆ ಓದುತ್ತ ಹೋಗುವವರು; ಓದುತ್ತಲೇ ಕಾರು ಹೊಡೆಯುತ್ತಾರಲ್ಲ ಎಂಬುದು ಜನರ ಬೆರಗು.

ಕಾರನ್ನು ಮೌಲಾಸಾಬ ಹೊಡೆಯುತ್ತಿದ್ದರು. ಲಕ್ಷ್ಮೇಶ್ವರದವರು, ನನ್ನ ಓರಗೆಯವರು. ಕಾರಿನ ಜೊತೆ ಬಂದ ಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ, ಅವರು ಕೇಳಿ ಹಾಗೆಯೇ ಮಾಡುತ್ತಿದ್ದರು. ಟರ್ಬೋ ಎಂದರೆ ಇಷ್ಟೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಆ ಅಚ್ಚು ಕಿರುಬೆರಳಿನಷ್ಟು ತೆಳ್ಳಗೆ. ಎಂಜಿನ್ನಿಗಿಂತ ಎಷ್ಟೋ ಪಟ್ಟು ವೇಗದಲ್ಲಿ, ಬರಿಯ ಎಣ್ಣೆಯ ಪದರದ ಮೇಲೆ ತಿರುಗುತ್ತದೆ. ಹಾಗಾಗಿ ಎಣ್ಣೆ ಚಳಿಯಲ್ಲೂ ಕೂಡಲೇ ಹರಿದು ಅಲ್ಲಿಗೆ ಮುಟ್ಟಬೇಕು, ಬಿಸಿಯಲ್ಲೂ ತೀರ ನೀರಾಗಬಾರದು, ಸುಟ್ಟು ಕರಿ ಕಟ್ಟಬಾರದು. ಪುಸ್ತಕದಲ್ಲಿ ಹದಿನೈದು-ನಲವತ್ತು ಎಂಬ ನಂಬರಿನ, ಟರ್ಬೋಕ್ಕೆ ಆಗುವ ದರ್ಜೆಯ ಎಣ್ಣೆ ಹೇಳಿತ್ತು. ಮೊದಲ ಅಂಕಿ ಚಳಿಯ ಗುಣಕ್ಕೆ, ಎರಡನೆಯದು ಬಿಸಿಯ ಗುಣಕ್ಕೆ. ಅದನ್ನು ಹುಬ್ಬಳ್ಳಿಯಿಂದ ತರಿಸುತ್ತಿದ್ದೆವು. ಅಳತೆಯ ಕಡ್ಡಿಯ ಗುರುತಿನ ಗೆರೆಗಿಂತ ಮೇಲೆ ಹಾಕಕೂಡದು. ಕಾರು ನಿಲ್ಲಿಸಿದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ನಿಧಾನವಾಗಿ ನಡೆಯಲು ಬಿಟ್ಟು ಆಮೇಲೆ ಬಂದ್ ಮಾಡಬೇಕು. ಇಲ್ಲದಿದ್ದರೆ ಆ ಅಚ್ಚು ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತದೆ.

ಸಾಹುಕಾರರು ಇಳಿದು ಮನೆಯೊಳಗೆ ಹೋದ ಮೇಲೂ ಮೌಲಾಸಾಬ ಎಂಜಿನ್ ನಡೆಸಿಕೊಂಡು ಕುಳಿತಿರುತ್ತಿದ್ದರು. ಎಣ್ಣೆಯಂಗಡಿಯಾತ ಆ ದಾರಿಯಲ್ಲಿ ಬಂದಾಗ ಇದನ್ನು ನೋಡಿ, "ಕೂಸು ಮಲಗೈತೇನು ಮೌಲ್ಯಾ? ಜೋಗುಳ ಮುಗೀಲಿಲ್ಲೇನಿನ್ನೂ?" ಎಂದು ರಸ್ತೆಯ ಆಚೆಯಿಂದ ಕೂಗುತ್ತಿದ್ದ. ಮೌಲಾಸಾಬ ನಗುತ್ತಿದ್ದರು. "ಮಲಗೈತ್ರಿ ಕಾಕಾ, ಸಣ್ಣಗ ಮಾತಾಡ್ರಿ" ಎನ್ನುತ್ತಿದ್ದರು.

ಆ ಜನವರಿಯಲ್ಲಿ ಎಣ್ಣೆ ಬದಲಿಸುವ ಸಮಯ ಬಂದಿತ್ತು. ಹುಬ್ಬಳ್ಳಿಯಲ್ಲಿ ನಮಗೆ ಬೇಕಾದ ಎಣ್ಣೆ ಮುಗಿದಿತ್ತು, ಮುಂದಿನ ವಾರ ಬರುವುದಿತ್ತು. ಕಾಯೋಣ ಎಂದು ನಾನು ಹೇಳಿದೆ. ಸಾಹುಕಾರರಿಗೆ ಮರುದಿನ ದೂರದ ಪ್ರಯಾಣವಿತ್ತು.

"ಕಾಕಾನ ಅಂಗಡಿಗೆ ಹೋಗ್ರಿ. ಇಡೀ ಸೀಮಿ ಅಲ್ಲೇ ಹೋಗತೈತಿ, ನಮ್ಮ ಕಾರು ಏನು ಮುಗಿಲಿಂದ ಬಂದೈತೇನು?" ಎಂದರು.

ಹೋದೆವು. ಮೌಲಾಸಾಬ ಹಳೆಯ ಎಣ್ಣೆ ಇಳಿಸಿದರು. ಆತ ಬಂದು ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ. ಎಳೆ ಬರಲಿಲ್ಲ.

"ನೀರು. ಬರೇ ನೀರು. ಇಷ್ಟು ದಿನ ಇದರ ಮ್ಯಾಲ ಓಡಿಸೀರಲ್ಲ, ದೇವರು ದೊಡ್ಡಾಂವ."

ನಾನು ಪುಸ್ತಕದ ನಂಬರು ಹೇಳಿದೆ. ಅದು ಇಲ್ಲದಿದ್ದರೆ, ನಿಮ್ಮಲ್ಲಿರುವುದರಲ್ಲಿ ಬೆರಕೆಯಿಲ್ಲದ ತೆಳ್ಳನೆಯದನ್ನು ಗೆರೆಯ ತನಕ ಮಾತ್ರ ಹಾಕಿರಿ, ಹುಬ್ಬಳ್ಳಿಯದು ಬಂದ ಕೂಡಲೇ ಬದಲಿಸುತ್ತೇವೆ ಎಂದೆ.

ಆತ ಕಟ್ಟೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ರಾಯರ, ನಿಮ್ಮಪ್ಪ ದೇವರ ದೀಪಕ್ಕ ಎಣ್ಣಿ ಹಾಕಿದಾಂವ. ಅದಕ್ಕ ತೆಳ್ಳಂದು ಬೇಕು, ಖರೆ. ಇದು ಎಂಜಿನ್ ಐತ್ರಿ. ಇದಕ್ಕ ಆರತಿ ಮಾಡಾಂಗಿಲ್ಲ."

ನನ್ನ ತಂದೆ ಲಕ್ಷ್ಮೇಶ್ವರದ ಒಂದು ಗುಡಿಯಲ್ಲಿ ದೀಪದ ಸೇವೆ ಮಾಡಿಕೊಂಡಿದ್ದವರು. ಜನ ನಕ್ಕರು. ಇದು ಸಾಹುಕಾರರ ಕಾರು, ಬೇಡ ಎಂದು ನಾನು ಮತ್ತೆ ಹೇಳಿದೆ. "ಸಾಹುಕಾರ್ರು ನನ್ನ ಕಡೆ ಕಳಿಸ್ಯಾರೋ, ನಿಮ್ಮ ಪುಸ್ತಕದ ಕಡೆ ಕಳಿಸ್ಯಾರೋ?" ಎಂದ.

ದಪ್ಪ ಎಣ್ಣೆ ಬೆರೆಸಿ ಎಳೆ ನೋಡಿ ಸುರಿಸಿದ. ಮೌಲಾಸಾಬ ಅಳತೆಯ ಕಡ್ಡಿ ಎಳೆದು ನೋಡಿ, ಮೇಲಿನ ಗೆರೆ ಮುಟ್ಟಿತು, ಸಾಕು ಎಂದರು. ಆತ ಇನ್ನೂ ಒಂದು ಮಾಪು ಸುರಿದ, ಆಮೇಲೆ ಮತ್ತೊಂದು. "ಹಸಿದು ಬಂದೈತಿ, ಹೊಟ್ಟಿ ತುಂಬ ಉಣ್ಣಲಿ."

"ಬ್ಯಾಡ್ರಿ ಕಾಕಾ. ಜಾಸ್ತಿ ಆದದ್ದು ಇಳಿಸೂಣ್ರಿ. ಇಳಿಸದ ನಾ ಚಾಲೂ ಮಾಡಾಂಗಿಲ್ಲ," ಎಂದರು ಮೌಲಾಸಾಬ. ಅವರು ಆತನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಹೇಳಿ ಅವರು ಕಾರಿನ ಬಲಗಡೆಗೆ ಹೋಗಿ, ಎಣ್ಣೆ ಇಳಿಸುವ ಡಬ್ಬಿಯನ್ನು ಕೆಳಗೆ ಸರಿಸಲು ಬಗ್ಗಿದರು.

"ನಿನಗ ಯಾರು ಚಾಲೂ ಮಾಡಂದ್ರಲೇ?" ಎಂದ ಆತ. ಎಡಗಡೆಯ ಬಾಗಿಲು ತೆರೆದು ಕುಳಿತ. ಚಾವಿ ಕಾರಿನಲ್ಲೇ ಇತ್ತು.

ಮೊದಲನೆಯ ಗುಟುರು ಹಾಕಿಸಿ ಬಂದ್ ಮಾಡಿದ. ಎರಡನೆಯದಕ್ಕೆ ಹಿಂದಿನಿಂದ ನೀಲಿ ಹೊಗೆ ಬಂತು. ಮೌಲಾಸಾಬ ಎದ್ದು ನಿಂತು ಎರಡೂ ಕೈಗಳಿಂದ ಬೇಡವೆಂದು ಸನ್ನೆ ಮಾಡುತ್ತಿದ್ದರು. ಮೂರನೆಯದಕ್ಕೆ ಆತ ಕಾಲು ಒತ್ತಿ ಎತ್ತಿದ. ಕಾಲು ಎತ್ತಿದ್ದನ್ನು ನಾನು ನೋಡಿದೆ. ಸದ್ದು ಇಳಿಯಲಿಲ್ಲ, ಏರುತ್ತಲೇ ಹೋಯಿತು.

ಮುಂದೆ ಆದದ್ದು ಇದು. ಗೆರೆ ಮೀರಿದ ಎಣ್ಣೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಗೆ ಸೇರಿತ್ತು. ಡೀಸೆಲ್ ಎಂಜಿನ್ ಅಂಥ ಹೊತ್ತಿನಲ್ಲಿ ತನ್ನ ಎಣ್ಣೆಯನ್ನೇ ಡೀಸೆಲ್ಲಿನ ಹಾಗೆ ಉರಿಸಿಕೊಂಡು ಓಡುತ್ತದೆ. ಚಾವಿ ತಿರುಗಿಸಿದರೆ ನಿಲ್ಲುವುದು ಡೀಸೆಲ್ ಮಾತ್ರ. ಕ್ಲಚ್ ಇರುವ ಗಾಡಿಯಾದರೆ ಗೇರಿಗೆ ಹಾಕಿ ಬ್ರೇಕ್ ಒತ್ತಿ ಎಂಜಿನ್ನನ್ನು ಉಸಿರುಗಟ್ಟಿಸಬಹುದು. ಈ ಕಾರಿಗೆ ಅದೂ ಇರಲಿಲ್ಲ.

ಆತ ಚಾವಿ ತಿರುಗಿಸಿದ. ಮತ್ತೆ ತಿರುಗಿಸಿದ. ಆಮೇಲೆ ಅದನ್ನು ಕಿತ್ತು ತೆಗೆದು ಕೈಯಲ್ಲಿ ಹಿಡಿದುಕೊಂಡ. ಚಾವಿ ಆತನ ಅಂಗೈಯಲ್ಲಿತ್ತು, ಎಂಜಿನ್ ಕಿರಿಚುತ್ತಲೇ ಇತ್ತು. ಆತ ಅಂಗೈ ನೋಡಿಕೊಂಡ. ಅಷ್ಟು ಹತ್ತಿರದಿಂದ ನಾನು ಆತನ ಮುಖದಲ್ಲಿ ಏನನ್ನೂ ಕಾಣಲಿಲ್ಲ, ಹೆದರಿಕೆಯನ್ನು ಕೂಡ. ಇಳಿದು, ನನ್ನನ್ನು ಬದಿಗೆ ಸರಿಸಿ, ಅಂಗಡಿಯ ಒಳಗೆ ಹೋದ. ಓಡಲಿಲ್ಲ, ನಡೆದುಕೊಂಡು ಹೋದ.

ಬಯಲು ತುಂಬ ಹೊಗೆ. ಗೋಡೆಗೆ ಎಣ್ಣೆಯ ಬ್ಯಾರಲ್ಲುಗಳು. ರಸ್ತೆಯ ಆಚೆ ಶಂಕ್ರಮ್ಮನ ಮಿರ್ಚಿ ಅಂಗಡಿಯಲ್ಲಿ ಒಲೆ ಉರಿಯುತ್ತಿತ್ತು, ತಿನ್ನಲು ನಿಂತವರಿದ್ದರು. ಎಂಜಿನ್ ಒಡೆದರೆ ಕಬ್ಬಿಣದ ಚೂರುಗಳು ಎಲ್ಲಿಗೆ ಹಾರುತ್ತವೆಂದು ಹೇಳಲಾಗದು. ಮೌಲಾಸಾಬ "ಸರೀರಿ, ಎಲ್ಲಾರೂ ಸರೀರಿ" ಎಂದು ಕೂಗುತ್ತ ಬಾನೆಟ್ ಎತ್ತಿದರು. ಎಂಜಿನ್ನಿನ ಮೇಲಿದ್ದ ಬಂದ್ ಮಾಡುವ ಲಿವರನ್ನು ಒತ್ತಿದರು. ನಿಲ್ಲಲಿಲ್ಲ. ಗಾಳಿ ಸೋಸುವ ಡಬ್ಬಿಯಿಂದ ಟರ್ಬೋಕ್ಕೆ ಹೋಗುವ ರಬ್ಬರ್ ಕೊಳವೆಯನ್ನು ಕಿತ್ತೆಸೆದರು. ನೆಲದ ಮೇಲೆ ಗೋಣಿತಟ್ಟು ಬಿದ್ದಿತ್ತು. ಅದನ್ನು ಮಡಚಿ ಟರ್ಬೋದ ತೆರೆದ ಬಾಯಿಗೆ ಎರಡೂ ಕೈಗಳಿಂದ ಒತ್ತಿದರು.

ಆ ಚಕ್ರ ಗೋಣಿತಟ್ಟನ್ನು ಎಳೆದುಕೊಂಡಿತು. ಬಲಗೈಯನ್ನೂ ಎಳೆದುಕೊಂಡಿತು. ಅವರು ಕೈ ಹಿಂದೆ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲವೋ, ತೆಗೆಯಬಾರದೆಂದುಕೊಂಡರೋ, ನಾನು ಅವರನ್ನು ಎಂದೂ ಕೇಳಿಲ್ಲ. ಗಾಳಿ ಸಿಗದೆ ಎಂಜಿನ್ ಒಮ್ಮೆ ಅಲುಗಾಡಿ ನಿಂತಿತು.

ತೋರುಬೆರಳು, ನಡುಬೆರಳು ಇರಲಿಲ್ಲ. ನನ್ನ ಹೆಗಲ ಮೇಲಿನ ವಸ್ತ್ರವನ್ನು ಅವರ ಕೈಗೆ ಸುತ್ತಿದೆ. ಶಂಕ್ರಮ್ಮ ಅಂಗಡಿ ಬಿಟ್ಟು ಓಡಿ ಬಂದು, ಹೋಗುತ್ತಿದ್ದ ಟಾಂಗಾವನ್ನು ಕುದುರೆಯ ಲಗಾಮು ಹಿಡಿದು ನಿಲ್ಲಿಸಿದಳು. ಅವರನ್ನು ಹತ್ತಿಸಿದೆವು. ಅವರ ಚಪ್ಪಲಿ ಕಾರಿನ ಹತ್ತಿರವೇ ಉಳಿದಿದ್ದವು. ನಾನು ತರಲು ಹೊರಳಿ ಹೋದೆ. ಆಗ ಆತ ಅಂಗಡಿಯಿಂದ ಹೊರಗೆ ಬಂದಿದ್ದ. ತೆರೆದ ಎಡಬಾಗಿಲಿನಿಂದ ಒಳಗೆ ಬಗ್ಗಿ, ಚಾವಿಯನ್ನು ಮತ್ತೆ ಅದರ ಜಾಗದಲ್ಲಿ ಸಿಕ್ಕಿಸುತ್ತಿದ್ದ. ನನ್ನನ್ನು ನೋಡಿದ. ಟವೆಲ್ಲಿನಿಂದ ಸ್ಟೇರಿಂಗ್ ಒರೆಸಿ ಬಾಗಿಲು ಹಾಕಿದ.

ಆಸ್ಪತ್ರೆಗೆ ಬಿಟ್ಟು ನಾನು ವಾಪಸು ಬರುವ ಹೊತ್ತಿಗೆ ಸಾಹುಕಾರರು ಬಂದು ಕಾರಿನ ಮುಂದೆ ನಿಂತಿದ್ದರು. ಆತ ಆಗಲೇ ಎಲ್ಲ ಹೇಳಿ ಮುಗಿಸಿದ್ದ. ನಾನು ನೋಡಿದ್ದನ್ನು ನಾನು ಹೇಳಿದೆ, ಚಾವಿಯ ವಿಷಯವನ್ನೂ ಬಿಡದೆ. ಸಾಹುಕಾರರು ಆತನನ್ನೇ ಕೇಳಿದರು:

"ಸೀಟಿನ್ಯಾಗ ಯಾರು ಕುಂತಿದ್ರು ಕಾಕಾ?"

"ಡ್ರೈವರ್ ಸೀಟಿನ್ಯಾಗ ಡ್ರೈವರ್ ಕುಂಡ್ರತಾನ್ರಿ ಸಾಹುಕಾರ್ರ. ನಾ ಯಾಕ ಕುಂಡ್ರಲಿ?" ಎಂದ. "ಎಣ್ಣಿ ತಪ್ಪಂಗಿಲ್ರಿ. ಕೈ ತಪ್ಪತೈತಿ."

ಶಂಕ್ರಮ್ಮ ಗುಂಪಿನ ಹಿಂದೆ ನಿಂತಿದ್ದಳು. ಆಗ ಅವಳಿಗೆ ಮೂವತ್ತರ ಪ್ರಾಯ. "ನಾ ನೋಡೀನ್ರಿ. ಇವರೇ ಕುಂತು ಒತ್ತಿದ್ರು," ಎಂದಳು.

"ನಿನಗೇನು ತಿಳೀತೈತವ್ವ? ಇದು ಮಿರ್ಚಿ ಕರಿಯೋ ಎಣ್ಣಿ ಅಲ್ಲ."

"ಅಲ್ರಿ. ನನ್ನ ಎಣ್ಣಿ ಯಾರ ಬೆರಳೂ ತಿಂದಿಲ್ಲ."

ಯಾರೂ ನಗಲಿಲ್ಲ. ಆಗ ಮುಂಡರಗಿಯ ಲಾರಿ ಡ್ರೈವರ್ ಹನುಮಂತಪ್ಪ ಮುಂದೆ ಬಂದ. ಎಣ್ಣೆಗೆಂದು ಸರದಿ ಕಾಯುತ್ತ ತನ್ನ ಲಾರಿಯ ಹತ್ತಿರ ನಿಂತಿದ್ದ ಹರೆಯದವನು, ಸುಳ್ಳು ಹೇಳುವವನಲ್ಲ. "ಕಾಕಾ ಹೇಳೋದು ಖರೆ ಐತ್ರಿ ಸಾಹುಕಾರ್ರ," ಎಂದ. "ಅವರು ಎಡಗಡೆ ಬಾಗಲದಿಂದ ಇಳಿದು ಅಂಗಡಿಗೆ ಹೋಗಿದ್ದು ನಾ ಕಣ್ಣಾರೆ ನೋಡೀನಿ. ಡ್ರೈವರ್ ಬಲಕ್ಕಿದ್ದ. ಕಾಕಾ ಸುಮ್ನ ಬಾಜೂಕ ಕುಂತಿದ್ರು."

ಕಟ್ಟೆಯ ಮೇಲಿದ್ದ ಇನ್ನಿಬ್ಬರೂ ಹೌದೆಂದರು. ಅವರೂ ಸುಳ್ಳು ಹೇಳಲಿಲ್ಲ. ಎಡಗಡೆಯಿಂದ ಇಳಿದವನು ಡ್ರೈವರ್ ಅಲ್ಲ ಎಂಬುದು ನಮ್ಮ ರಸ್ತೆಗಳಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತಿರುವ ಮಾತು. ಆ ಕಾರಿನ ಒಳಗೆ ಅವರು ಎಂದೂ ಇಣುಕಿರಲಿಲ್ಲ. ಸಾಹುಕಾರರಿಗೆ ಮಾತ್ರ ತಮ್ಮ ಕಾರಿನ ಸ್ಟೇರಿಂಗ್ ಯಾವ ಕಡೆ ಇದೆಯೆಂದು ಗೊತ್ತಿತ್ತು. ಹನುಮಂತಪ್ಪನ ಮಾತು ಮುಗಿದಾಗ ಅವರು ತಿರುಗಿ ಕಾರಿನ ಎಡಬಾಗಿಲನ್ನು ನೋಡಿದರು. ಆಮೇಲೆ ಆತನನ್ನು ನೋಡಿದರು. ಆತ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಸ್ಟೇರಿಂಗ್ ಎಡಕ್ಕೈತ್ರಿ," ಎಂದು ನಾನು ಗಟ್ಟಿಯಾಗಿ ಹೇಳಿದೆ. ಹನುಮಂತಪ್ಪ ಆಗಲೇ ತನ್ನ ಲಾರಿಯ ಕಡೆ ಹೊರಟುಹೋಗಿದ್ದ.

"ಗೊತ್ತೈತಿ ರಾಯರ," ಎಂದರು ಸಾಹುಕಾರರು. "ಹೊಂಡ್ರಿ. ಫ್ಯಾಕ್ಟರಿಗೆ ಹೋಗ್ರಿ."

ಅಂಗಡಿಗೆ ಕಳಿಸಿದ್ದು ಅವರೇ. ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಡ್ರೈವರನ್ನು ಕೆಲಸದಿಂದ ತೆಗೆಯುವುದು ಅವರಿಗೆ ಸುಲಭವಾಯಿತು. ಮೌಲಾಸಾಬ ಆಸ್ಪತ್ರೆಯಿಂದ ಬಂದ ಮೇಲೆ, ಎರಡು ಬೆರಳಿಲ್ಲದವನ ಕೈಗೆ ಸ್ಟೇರಿಂಗ್ ಹೇಗೆ ಕೊಡಲಿ ಎಂದು ಹೇಳಿ ಕಳಿಸಿಬಿಟ್ಟರು. ಮೌಲಾಸಾಬ ವಾದ ಮಾಡಲಿಲ್ಲ. ಕಾರು ಮುಂಬಯಿಗೆ ಹೋಗಿ ದುರಸ್ತಿಯಾಗಿ ಬಂತು.

ಎಣ್ಣೆಯಂಗಡಿಯಾತ ಏನು ಮಾಡಿದ? ಅದನ್ನೂ ಬರೆಯಬೇಕು, ಸಭೆಯಲ್ಲಿ ಹೊಗಳಿದ್ದು ಅದನ್ನೇ. ವರ್ಷ ತುಂಬುವುದರೊಳಗೆ ಹುಬ್ಬಳ್ಳಿಯಿಂದ ಹದಿನೈದು-ನಲವತ್ತರ ಸೀಲು ಮಾಡಿದ ಡಬ್ಬಿಗಳನ್ನು ತರಿಸಿ ಅಂಗಡಿಯ ಮುಂದೆ ಜೋಡಿಸಿದ. ಟರ್ಬೋ ಗಾಡಿಗಳ ಎಣ್ಣೆ ಇಲ್ಲಿ ಸಿಗುತ್ತದೆ ಎಂದು ಬೋರ್ಡು ಬರೆಸಿದ. ಕೊಳವೆಬಾವಿ ಕೊರೆಯುವ ಯಂತ್ರಗಳು ನಮ್ಮ ಸೀಮೆಗೆ ಬರತೊಡಗಿದ್ದವು. ಅವುಗಳ ಕೆಲವು ಎಂಜಿನ್ನುಗಳಿಗೆ ಟರ್ಬೋ ಇರುತ್ತಿತ್ತು. ಅವುಗಳ ಡ್ರೈವರುಗಳಿಗೆ ಆತ ಕಟ್ಟೆಯ ಮೇಲೆ ಕುಳಿತು ಪಾಠ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. "ದಪ್ಪ ಎಣ್ಣಿ ಹಾಕಬ್ಯಾಡ. ಗೆರಿ ದಾಟಬ್ಯಾಡ. ನಿಂದರಿಸಿದ ಮ್ಯಾಲೆ ಎರಡು ಮಿನಿಟ್ ನಡೀಲಿಕ್ಕೆ ಬಿಡು. ಹಿಂಗ ಮಾಡದ ಒಬ್ಬ ಮೌಲ್ಯಾ ಅನ್ನಾಂವ ಬೆರಳು ಕಳಕೊಂಡ, ಗೊತ್ತೈತಿಲ್ಲ?" ಮೌಲಾಸಾಬರು ಮಾಡುತ್ತಿದ್ದುದನ್ನೆಲ್ಲ ಮೌಲಾಸಾಬರು ಮಾಡಲಿಲ್ಲ ಎಂದು ಹೇಳಿ ಆತ ಕಲಿಸುತ್ತಿದ್ದ. ಕಲಿತವರ ಎಂಜಿನ್ನುಗಳು ಚೆನ್ನಾಗಿಯೇ ಓಡಿದವು. ಗುಟುರು ಹಾಕಿಸುವುದನ್ನು ಆತ ನಿಲ್ಲಿಸಿದ, ಏಕೆಂದು ಯಾರಿಗೂ ಹೇಳಲಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಸಲ ನಾನು ಅಂಗಡಿಗೆ ಹೋದೆ. ಆತನಿಗೆ ವಯಸ್ಸಾಗಿತ್ತು, ಮಗ ವ್ಯಾಪಾರ ನೋಡುತ್ತಿದ್ದ. ಪಕ್ಕದಲ್ಲಿ ಕುಳಿತು ಕೇಳಿದೆ: "ಈಗರ ಹೇಳ್ರಿ. ಅವತ್ತ ಸೀಟಿನ್ಯಾಗ ಯಾರಿದ್ರು? ಲಕ್ಷ್ಮೇಶ್ವರಕ್ಕ ಹೋಗಿ ಮೌಲಾಸಾಬನ ಮುಂದ ಒಂದು ಮಾತು ಹೇಳಿ ಬರೂಣು, ನಾ ಬರ್ತೀನಿ ಕೂಡ."

ಆತ ಏನನ್ನೂ ಮರೆತಿರಲಿಲ್ಲ.

"ನೆನಪಿಡೂದಾದ್ರ ಛಲೋದು ನೆನಪಿಡ್ರಿ ರಾಯರ. ನಿಮ್ಮ ತಾಯಾರನ್ನ ಹುಬ್ಬಳ್ಳಿಗೆ ಕಳಿಸಿದ್ದು ನೆನಪಿಡ್ರಿ," ಎಂದ. ಮಗನನ್ನು ಕರೆದು, ರಾಯರಿಗೆ ಚಹಾ ತರಿಸು ಎಂದ. ನಾನು ಕುಡಿಯದೆ ಎದ್ದು ಬಂದೆ. ಆಮೇಲೆ ಆತನನ್ನು ನೋಡಿದ್ದು ಸಭೆಯಲ್ಲಿ, ಹಾರ ಹಾಕಿದ ಫೋಟೋದಲ್ಲಿ.

ಅಂದು ಕಟ್ಟೆಯ ಮೇಲಿದ್ದವರಲ್ಲಿ ಹೆಚ್ಚಿನವರು ಈಗ ಇಲ್ಲ. ಸಾಹುಕಾರರೂ ಇಲ್ಲ. ನೋಡಿದವರಲ್ಲಿ ನನ್ನನ್ನು ಬಿಟ್ಟು ಮೂವರು ಬದುಕಿದ್ದಾರೆ.

ಶಂಕ್ರಮ್ಮ ಬೆಟಗೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಕಣ್ಣು ಮಂದವಾಗಿವೆ, ಮಾತು ಮಂದವಾಗಿಲ್ಲ. ಆಕೆಯನ್ನು ಕೇಳಿದರೆ ಆತ ಹೇಗೆ ಬಾಗಿಲು ತೆರೆದು ಕುಳಿತ ಎಂಬುದನ್ನು ಕೈ ಮಾಡಿ ತೋರಿಸುತ್ತಾಳೆ.

ಹನುಮಂತಪ್ಪ ಮುಂಡರಗಿಯಲ್ಲಿದ್ದಾರೆ. ಸಭೆಯಾದ ಮರುವಾರ ನಾನು ಹೋಗಿ, ಆ ಕಾರಿನ ಸ್ಟೇರಿಂಗ್ ಯಾವ ಕಡೆ ಇತ್ತೆಂಬುದನ್ನು ಅವರಿಗೆ ಹೇಳಿದೆ. ಅಷ್ಟು ವರ್ಷ ಅವರಿಗೆ ಅದು ತಿಳಿದೇ ಇರಲಿಲ್ಲ. "ನಾ ನೋಡಿದ್ದ ಹೇಳಿದ್ನೆಲ್ರಿ," ಎಂದರು. ಹೌದು, ನೋಡಿದ್ದನ್ನೇ ಹೇಳಿದಿರಿ ಎಂದೆ. ಈಗ ಯಾರು ಕೇಳಿದರೂ ಪೂರ್ತಿ ಹೇಳುತ್ತೇನೆ, ನನ್ನ ಹೆಸರು ಬರೆಯಿರಿ ಎಂದು ಹೇಳಿ ಕಳಿಸಿದ್ದಾರೆ.

ಮೂರನೆಯವರು ಮೌಲಾಸಾಬ. ಲಕ್ಷ್ಮೇಶ್ವರದಲ್ಲಿ ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದರು, ಈಗ ಅಳಿಯ ನಡೆಸುತ್ತಾನೆ. ಇಂದಿಗೂ ಕೆಲವರು ಜೋಳ ಸುರಿಯುವಾಗ, "ಕಾರು ಸುಟ್ಟಂಗ ಹಿಟ್ಟು ಸುಟ್ಟೀಯೋ ಮಾವಾ" ಎಂದು ನಗೆಯಾಡುತ್ತಾರೆ. ಅವರೂ ನಗುತ್ತಾರೆ. ಅವರನ್ನು ಹೋಗಿ ಕೇಳಬೇಡಿ. ಕೇಳಿದರೆ ಆದದ್ದು ಆಯಿತು ಎಂದು ಕುರ್ಚಿ ಹಾಕುತ್ತಾರೆ. ಉಳಿದ ಇಬ್ಬರನ್ನು ಕೇಳಿ. ನಾವು ಇರುವಾಗಲೇ ಕೇಳಿ.